ಛಾಯಾಚಿತ್ರದಲ್ಲಿ ಒಂದು ಊರು

ಅರಸರು ನೀಡಿದ ದತ್ತಿಗಳನ್ನು ಶಾಸನಗಳು ಸಾರುತ್ತವೆ. ಊರಿನ ತುರುಗಳನ್ನು ಕಾಯಲು ಹೋಗಿ ಮಡಿದವರನ್ನು ವೀರಗಲ್ಲುಗಳು ನೆನೆಯುತ್ತವೆ. ಆದರೆ ದತ್ತಿಯಾಗಿ ಕೊಟ್ಟ ಆ ಭೂಮಿಯನ್ನು ಉತ್ತವನ ಮುಖ ಹೇಗಿತ್ತು, ಅವನ ಮನೆಯ ಮಾಡು ಎಂತಹುದಾಗಿತ್ತು, ಅವನ ಮಡದಿ ಕೋಳಿ ಕೂಗುವ ಹೊತ್ತಿಗೆ ಎದ್ದು ರಾಗಿ ಬೀಸುತ್ತಿದ್ದ ಕಲ್ಲು ಮನೆಯ ಯಾವ ಮೂಲೆಯಲ್ಲಿತ್ತು ಎಂಬುದನ್ನು ಯಾವ ಶಾಸನವೂ ಹೇಳುವುದಿಲ್ಲ. ದಿನನಿತ್ಯದ ಬದುಕು ಎಲ್ಲರ ಕಣ್ಣೆದುರಿಗೇ ಇರುತ್ತದೆ. ಆದುದರಿಂದಲೇ ಅದನ್ನು ದಾಖಲಿಸಿಡಬೇಕೆಂದು ಯಾರಿಗೂ ತೋರುವುದಿಲ್ಲ. ಅದು ಕಣ್ಮರೆಯಾದ ಮೇಲೆ ದಾಖಲಿಸಬೇಕೆಂದು ಬಯಸಿದರೂ ಸಾಧ್ಯವಾಗುವುದಿಲ್ಲ.

ಚಿತ್ರದುರ್ಗ ಜಿಲ್ಲೆಯ ಹೊಸದುರ್ಗ ತಾಲ್ಲೂಕಿನಲ್ಲಿ ಬಾಗೂರು ಎಂಬ ಊರಿದೆ. ಇಂದು ಅದು ಒಂದು ಹಳ್ಳಿ. ಚೆನ್ನಕೇಶವ ದೇವಾಲಯದಿಂದಾಗಿ ಸುತ್ತಲಿನ ಸೀಮೆಗೆ ಪರಿಚಿತವಾದುದು. ಆದರೆ ಮುನ್ನೂರೈವತ್ತು ವರ್ಷಗಳ ಹಿಂದೆ ಆ ಭಾಗಕ್ಕೆಲ್ಲ ಅದೇ ಮುಖ್ಯ ಊರಾಗಿತ್ತು. ಆಗ ಅದು ಸಿರಾ ಸೀಮೆಗೆ ಸೇರಿ ಮುಸಲ್ಮಾನರ ಆಳ್ವಿಕೆಯಲ್ಲಿತ್ತು. ಚಿತ್ರದುರ್ಗದ ಪಾಳೆಯಗಾರನಾದ ಚಿಕ್ಕಣ್ಣನಾಯಕನು ಬಾಗೂರನ್ನು ಗೆಲ್ಲುವ ಪ್ರಯತ್ನಕ್ಕೆ ಆಸರೆಯಾಗಲೆಂದು ೧೬೭೫ರಲ್ಲಿ ಸಮೀಪದ ಬೆಟ್ಟವೊಂದರ ಮೇಲೆ ಹೊಸ ಕೋಟೆಯನ್ನು ಕಟ್ಟಿಸಿದನೆಂದು ಬಿ. ಎಲ್. ರೈಸ್ ಅವರ ‘ಮೈಸೂರು ಗ್ಯಾಸೆಟಿಯರ್’ ತಿಳಿಸುತ್ತದೆ. ಹೊಸ ದುರ್ಗದ ಹೆಸರು ಮುಂದೆ ತಾಲ್ಲೂಕಿನ ಹೆಸರಾಯಿತು. ಹಳೆಯ ಬಾಗೂರು ಹಿಂದೆ ಸರಿಯಿತು. ಇಷ್ಟನ್ನು ಗ್ರಂಥ ಕೆಲವೇ ಸಾಲುಗಳಲ್ಲಿ ಹೇಳಿ ಮುಗಿಸುತ್ತದೆ. ಆ ದಿನಗಳ ಬಾಗೂರಿನ ಬೀದಿಗಳು ಹೇಗಿದ್ದವು, ಸಂತೆಗೆ ಯಾರು ಯಾರು ಬರುತ್ತಿದ್ದರು, ದಂಡು ಬಂತೆಂದು ಕೇಳಿದಾಗ ಬೇಸಾಯಗಾರರು ತಮ್ಮ ಕಾಳುಕಡ್ಡಿಗಳನ್ನು ಎಲ್ಲಿ ಬಚ್ಚಿಟ್ಟರು ಎಂಬುದನ್ನು ತಿಳಿಯುವ ದಾರಿ ಇಲ್ಲ. ಅದನ್ನು ಕಂಡ ಕಣ್ಣುಗಳು ಮುಚ್ಚಿಹೋದವು. ಕಂಡದ್ದನ್ನು ಹಿಡಿದಿಡುವ ಕಣ್ಣು ಆಗ ಇನ್ನೂ ಹುಟ್ಟಿರಲಿಲ್ಲ.

ಅಂತಹ ಕಣ್ಣು ಹುಟ್ಟಿದ್ದು ೧೯ನೆಯ ಶತಮಾನದಲ್ಲಿ. ಅದರ ಮೂಲತತ್ತ್ವ ಮಾತ್ರ ಬಹಳ ಹಳೆಯದು. ಹಂಪೆಯ ವಿರೂಪಾಕ್ಷ ದೇವಾಲಯಕ್ಕೆ ಹೋದವರು ಅಲ್ಲಿನ ಒಂದು ಕತ್ತಲ ಕೋಣೆಯ ಗೋಡೆಯ ಮೇಲೆ ರಾಜಗೋಪುರವು ತಲೆಕೆಳಗಾಗಿ ಮೂಡುವುದನ್ನು ನೋಡಿ ಬೆರಗಾಗುತ್ತಾರೆ. ಇದರಲ್ಲಿ ಮಾಯವೇನೂ ಇಲ್ಲ. ಬೆಳಕು ನೇರವಾಗಿ ಚಲಿಸುತ್ತದೆ. ಗೋಪುರದ ತುದಿಯಿಂದ ಹೊರಟ ಕಿರಣಗಳು ಗೋಡೆಯಲ್ಲಿರುವ ಸಣ್ಣ ಕಂಡಿಯ ಮೂಲಕ ಹಾಯ್ದು ಕೆಳಭಾಗಕ್ಕೂ, ಬುಡದಿಂದ ಹೊರಟ ಕಿರಣಗಳು ಮೇಲ್ಭಾಗಕ್ಕೂ ಹೋಗಿ ಬೀಳುತ್ತವೆ. ಹೀಗಾಗಿ ಬಿಂಬ ತಲೆಕೆಳಗಾಗುತ್ತದೆ. ಕ್ಯಾಮರಾ ಎಂಬುದು ಇಂತಹ ಕತ್ತಲ ಕೋಣೆಯ ಚಿಕ್ಕ ರೂಪ. ಕಂಡಿಯ ಜಾಗದಲ್ಲಿ ಗಾಜಿನ ಮಸೂರವನ್ನಿಟ್ಟರೆ ಬಿಂಬವು ಹೆಚ್ಚು ಪ್ರಕಾಶವಾಗಿಯೂ ಸ್ಪಷ್ಟವಾಗಿಯೂ ಮೂಡುತ್ತದೆ. ಮೂಡಿದ ಬಿಂಬ ಅಳಿಸಿಹೋಗದಂತೆ ನಿಲ್ಲಿಸುವುದೇ ಬಹುಕಾಲ ಬಿಡಿಸಲಾಗದ ಸಮಸ್ಯೆಯಾಗಿತ್ತು. ಬೆಳ್ಳಿಯ ಕೆಲವು ಲವಣಗಳು ಬೆಳಕು ತಾಕಿದೊಡನೆ ಕಪ್ಪಾಗುತ್ತವೆ. ಈ ಗುಣವನ್ನು ಬಳಸಿಕೊಂಡು ಫ್ರಾನ್ಸಿನ ಡಾಗೇರ್ ಮತ್ತು ಇಂಗ್ಲೆಂಡಿನ ಟಾಲ್ಬಟ್ ಬೇರೆ ಬೇರೆ ವಿಧಾನಗಳನ್ನು ರೂಪಿಸಿದರು. ಡಾಗೇರನ ವಿಧಾನವನ್ನು ಫ್ರೆಂಚ್ ಸರಕಾರ ೧೮೩೯ರ ಆಗಸ್ಟ್ ೧೯ರಂದು ಲೋಕಕ್ಕೆ ತಿಳಿಯಪಡಿಸಿತು. ಟಾಲ್ಬಟ್ಟನ ವಿಧಾನದಲ್ಲಿ ಕಾಗದದ ಮೇಲೆ ಮೊದಲು ಬೆಳಕು ಕಪ್ಪಾಗಿ, ಕಪ್ಪು ಬೆಳಕಾಗಿ ಕಾಣುವ ನೆಗೆಟಿವ್ ದೊರೆಯುತ್ತಿತ್ತು. ಅದರಿಂದ ಎಷ್ಟು ಪ್ರತಿಗಳನ್ನಾದರೂ ಪಡೆಯಬಹುದಾಗಿತ್ತು.

ಈ ವಿದ್ಯೆ ಸ್ವಲ್ಪ ಕಾಲದಲ್ಲಿಯೇ ಹಡಗನ್ನೇರಿ ಭಾರತಕ್ಕೆ ಬಂದಿತು. ಇಲ್ಲಿ ಅದನ್ನು ಮೊದಲು ಕೈಗೆತ್ತಿಕೊಂಡವರಲ್ಲಿ ಬ್ರಿಟಿಷ್ ಸೇನೆಯ ಅಧಿಕಾರಿಗಳೂ ವೈದ್ಯರೂ ಬಹುಮಂದಿ. ೧೮೫೪ರ ಡಿಸೆಂಬರಿನಲ್ಲಿ ಲಿನೇಯಸ್ ಟ್ರೈಪ್ ಎಂಬ ಸೇನಾಧಿಕಾರಿ ಬೇಲೂರು ಹಳೇಬೀಡುಗಳ ದೇವಾಲಯಗಳನ್ನು ಚಿತ್ರಿಸಿಕೊಂಡನು. ೧೮೫೬ರಲ್ಲಿ ಅಲೆಗ್ಸಾಂಡರ್ ಗ್ರೀನ್‌ಲಾ ಎಂಬ ಇನ್ನೊಬ್ಬ ಅಧಿಕಾರಿ ಹಂಪೆಯ ಅವಶೇಷಗಳ ನಡುವೆ ಸುತ್ತಾಡಿ, ಮೇಣ ಸವರಿದ ದೊಡ್ಡ ಕಾಗದದ ನೆಗೆಟಿವ್‌ಗಳಲ್ಲಿ ಅರುವತ್ತಕ್ಕೂ ಹೆಚ್ಚು ಚಿತ್ರಗಳನ್ನು ತೆಗೆದನು. ಬಿಜಾಪುರ, ಬಾದಾಮಿ, ಐಹೊಳೆಗಳ ಕಡೆಗೂ ಇಂತಹವರು ಹೋದರು. ಬಿಗ್ಸ್, ಪಿಗೌ ಮತ್ತು ನೀಲ್ ಎಂಬವರು ತೆಗೆದ ಚಿತ್ರಗಳು ‘ಧಾರವಾಡ ಮತ್ತು ಮೈಸೂರುಗಳ ವಾಸ್ತುಶಿಲ್ಪ’ವನ್ನು ಕುರಿತ ಗ್ರಂಥವಾಗಿ ೧೮೬೬ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದವು.

ಇಂತಹ ಚಿತ್ರಗಳ ಬೆಲೆಯೇನೆಂಬುದನ್ನು ಒಂದು ನಿದರ್ಶನದಿಂದ ತಿಳಿಯಬಹುದು. ಹಂಪೆಯ ವಿಠ್ಠಲ ದೇವಾಲಯದ ಕಲ್ಲಿನ ರಥವನ್ನು ಕಾಣದವರಿಲ್ಲ. ೨೦೧೭ರಲ್ಲಿ ಹೊರಬಂದ ಐವತ್ತು ರೂಪಾಯಿಯ ನೋಟಿನ ಮೇಲೆಯೂ ಅದರ ಚಿತ್ರವಿದೆ. ಆ ರಥದ ಮೇಲ್ಭಾಗ ಚಪ್ಪಟೆಯಾಗಿದೆ. ರಥವೆಂದರೆ ಹೀಗೆಯೇ ಇದ್ದಿತೆಂದು ನೋಡಿದವರು ತಿಳಿಯುವುದು ಸಹಜ. ಆದರೆ ಗ್ರೀನ್‌ಲಾ ತೆಗೆದ ಚಿತ್ರದಲ್ಲಿ ಅದೇ ರಥದ ಮೇಲೆ ಇಟ್ಟಿಗೆಯ ಶಿಖರವೊಂದು ನಿಂತಿದೆ. ಆ ಶಿಖರ ಇಂದು ಇಲ್ಲ. ಗ್ರೀನ್‌ಲಾನ ನೆಗೆಟಿವ್‌ಗಳು ಬಹುಕಾಲ ಮರೆಯಲ್ಲಿದ್ದು, ೨೦ನೆಯ ಶತಮಾನದ ಕೊನೆಯ ಭಾಗದಲ್ಲಿ ಬೆಳಕಿಗೆ ಬಂದವು. ೧೯೮೩ರಿಂದ ಜಾನ್ ಗೋಲಿಂಗ್ಸ್ ಎಂಬ ಆಸ್ಟ್ರೇಲಿಯದ ಛಾಯಾಗ್ರಾಹಕರು, ಗ್ರೀನ್‌ಲಾ ತನ್ನ ಕ್ಯಾಮರಾವನ್ನು ಎಲ್ಲೆಲ್ಲಿ ನಿಲ್ಲಿಸಿದ್ದನೋ ಅದೇ ಸ್ಥಳಗಳನ್ನು ಹುಡುಕಿ, ಅದೇ ನೋಟಗಳನ್ನು ಮತ್ತೆ ಚಿತ್ರಿಸಿದರು. ಎರಡು ಚಿತ್ರಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಿದರೆ ಸುಮಾರು ನೂರಮೂವತ್ತು ವರ್ಷಗಳಲ್ಲಿ ಏನು ಉಳಿಯಿತು, ಏನು ಬಿದ್ದಿತು, ಏನನ್ನು ಮತ್ತೆ ಎತ್ತಿ ನಿಲ್ಲಿಸಲಾಯಿತು ಎಂಬುದು ಯಾವ ವಾದವಿವಾದಕ್ಕೂ ಎಡೆಯಿಲ್ಲದಂತೆ ಕಾಣುತ್ತದೆ. ಛಾಯಾಚಿತ್ರವನ್ನು ಸಾಕ್ಷಿಯೆಂದು ಕರೆಯುವುದು ಈ ಕಾರಣದಿಂದ.

ಆದರೆ ಈ ಸಾಕ್ಷಿಯೂ ಎಲ್ಲವನ್ನೂ ನುಡಿಯುವುದಿಲ್ಲ. ೧೮೫೦ರ ದಶಕದ ಕಾಗದದ ನೆಗೆಟಿವ್‌ನಲ್ಲಿ ಬಿಂಬ ಮೂಡಬೇಕಾದರೆ ಮಸೂರವನ್ನು ನಿಮಿಷಗಟ್ಟಲೆ ತೆರೆದಿಡಬೇಕಾಗಿತ್ತು. ಕಲ್ಲಿನ ಕಂಬ ಕದಲದೆ ನಿಲ್ಲುತ್ತದೆ. ದನ ಹೊಡೆದುಕೊಂಡು ಹೋಗುವ ಹುಡುಗ ನಿಲ್ಲುವುದಿಲ್ಲ. ಆದ್ದರಿಂದ ಆ ಚಿತ್ರಗಳಲ್ಲಿ ಗುಡಿಗೋಪುರಗಳೆಲ್ಲ ಸ್ಪಷ್ಟವಾಗಿವೆ. ನಡೆದಾಡಿದವರು, ಕೆಲಸ ಮಾಡುತ್ತಿದ್ದವರು ಮಂಜಿನಂತೆ ಮಸುಕಾಗಿದ್ದಾರೆ, ಇಲ್ಲವೆ ಸಂಪೂರ್ಣವಾಗಿ ಮಾಯವಾಗಿದ್ದಾರೆ. ಹಳೆಯ ಚಿತ್ರಗಳನ್ನು ನೋಡಿ ನಾಡು ನಿರ್ಜನವಾಗಿತ್ತೆಂದು ಯಾರಾದರೂ ತಿಳಿದರೆ ತಪ್ಪಾಗುತ್ತದೆ. ಜನ ಇದ್ದರು, ದುಡಿಯುತ್ತಿದ್ದ ಕಾರಣದಿಂದಲೇ ಅವರು ಚಿತ್ರದಲ್ಲಿ ಉಳಿಯಲಿಲ್ಲ.

ಮುಂದೆ ಉಪಕರಣಗಳು ಸುಧಾರಿಸಿದವು. ಜನರನ್ನೂ ಚಿತ್ರಿಸುವುದು ಸುಲಭವಾಯಿತು. ಆಗ ಬೇರೊಂದು ಬಗೆಯ ಅನ್ಯಾಯ ತಲೆದೋರಿತು. ೧೮೬೮ರಿಂದ ೧೮೭೫ರವರೆಗೆ ಬ್ರಿಟಿಷ್ ಸರಕಾರದ ಆಶ್ರಯದಲ್ಲಿ ‘ಭಾರತದ ಜನ’ ಎಂಬ ಅರ್ಥದ ಹೆಸರುಳ್ಳ ಗ್ರಂಥ ಎಂಟು ಸಂಪುಟಗಳಲ್ಲಿ ಹೊರಬಂದಿತು. ಅದರಲ್ಲಿ ನಾನೂರಕ್ಕೂ ಹೆಚ್ಚು ಛಾಯಾಚಿತ್ರಗಳಿವೆ. ಚಿತ್ರದ ಕೆಳಗೆ ಹೆಚ್ಚಾಗಿ ಇರುವುದು ಜಾತಿಯ ಅಥವಾ ಪಂಗಡದ ಹೆಸರು. ಆ ಪಂಗಡದ ಜನ ನಂಬಿಗಸ್ತರೇ, ಜಗಳಗಂಟರೇ ಎಂಬ ಅಧಿಕಾರಿಯ ತೀರ್ಪು ಅದರ ಜೊತೆಗಿರುವುದೂ ಉಂಟು. ಕುಳಿತಿರುವ ವ್ಯಕ್ತಿಯ ಹೆಸರು ಬಹುಪಾಲು ಚಿತ್ರಗಳಲ್ಲಿ ಇಲ್ಲ. ಗಿಡಮೂಲಿಕೆಗಳನ್ನು ಒಣಗಿಸಿ, ಹಾಳೆಗೆ ಅಂಟಿಸಿ, ಕೆಳಗೆ ಜಾತಿಯ ಹೆಸರನ್ನು ಬರೆದಿಡುವಂತೆ ಮನುಷ್ಯರನ್ನೂ ಅಲ್ಲಿ ಬರೆದಿಡಲಾಯಿತು.

೧೮೭೬ರಿಂದ ೧೮೭೮ರವರೆಗೆ ದಕ್ಷಿಣ ಭಾರತವನ್ನು ಘೋರವಾದ ಕ್ಷಾಮ ಪೀಡಿಸಿತು. ಮೈಸೂರು ಸಂಸ್ಥಾನದ ಜನಸಂಖ್ಯೆಯಲ್ಲಿ ಸುಮಾರು ಐದರಲ್ಲೊಂದು ಭಾಗ ಅದಕ್ಕೆ ತುತ್ತಾಯಿತು. ಮದರಾಸು ಪ್ರಾಂತ್ಯದಲ್ಲಿ ಹೂಪರ್ ಎಂಬ ಸೇನಾಧಿಕಾರಿ ಹಸಿವಿನಿಂದ ಎಲುಬುಗೂಡಾಗಿದ್ದವರನ್ನು ಗುಂಪುಗುಂಪಾಗಿ ಕೂರಿಸಿ ಚಿತ್ರ ತೆಗೆದನು. ಅಂತಹ ಚಿತ್ರಗಳು ಇಂಗ್ಲೆಂಡಿನವರೆಗೆ ಹೋಗಿ, ಅಲ್ಲಿನ ಜನರ ಕಣ್ಣು ತೆರೆಸಿದವೆಂಬುದು ನಿಜ. ಆದರೆ ನಿಲ್ಲಲೂ ತ್ರಾಣವಿಲ್ಲದವರನ್ನು ಚಿತ್ರಕ್ಕಾಗಿ ಜೋಡಿಸಿ ಕೂರಿಸುವ ಕೈ ಯಾವ ಬಗೆಯದು ಎಂಬ ಪ್ರಶ್ನೆ ಅಂದಿನಿಂದ ಇಂದಿನವರೆಗೂ ಉಳಿದಿದೆ. ಸಾಕ್ಷಿ ಬೇಕು; ಆದರೆ ಸಾಕ್ಷಿಗಾಗಿ ಮನುಷ್ಯನ ಮಾನವನ್ನು ಕಳೆಯಬಹುದೇ?

ಇದು ಭಾರತಕ್ಕೆ ಮಾತ್ರ ಸೀಮಿತವಾದ ಕಥೆಯಲ್ಲ. ಬ್ರಿಟಿಷ್ ವಸಾಹತುಗಳಲ್ಲಿ ೧೮೩೪ರಲ್ಲಿ ಗುಲಾಮಗಿರಿಯ ರದ್ದತಿ ಜಾರಿಗೆ ಬಂದ ಮೇಲೆ, ಕಬ್ಬಿನ ತೋಟಗಳಲ್ಲಿ ದುಡಿಯಲು ಭಾರತದಿಂದ ಕರಾರಿನ ಕೂಲಿಗಳನ್ನು ಹಡಗುಗಳಲ್ಲಿ ಸಾಗಿಸಲಾಯಿತು. ಅಂತಹ ಮೊದಲ ಹಡಗು ವೆಸ್ಟ್ ಇಂಡೀಸಿನ ಟ್ರಿನಿಡಾಡ್ ದ್ವೀಪವನ್ನು ತಲಪಿದ್ದು ೧೮೪೫ರ ಮೇ ೩೦ರಂದು. ಅಲ್ಲಿನ ಸ್ಟುಡಿಯೋಗಳಲ್ಲಿ ಭಾರತೀಯ ಹೆಂಗಸರನ್ನು ಬೆಳ್ಳಿಯ ಒಡವೆಗಳೊಡನೆ ನಿಲ್ಲಿಸಿ ತೆಗೆದ ಚಿತ್ರಗಳು ಅಂಚೆಕಾರ್ಡುಗಳಾಗಿ ಮಾರಾಟವಾದವು. ಅವುಗಳ ಮೇಲೆ ‘ಕೂಲಿ ಹೆಂಗಸು’ ಎಂಬ ಮಾತಿರುತ್ತಿತ್ತು, ಆಕೆಯ ಹೆಸರಿರುತ್ತಿರಲಿಲ್ಲ. ಇಂದು ಆ ದ್ವೀಪಗಳ ಹಳ್ಳಿಗಳಲ್ಲಿ ಹಳೆಯ ಸಕ್ಕರೆ ಗಿರಣಿಗಳ ಅವಶೇಷಗಳ ಪಕ್ಕದಲ್ಲೇ ಮಕ್ಕಳು ಕ್ರಿಕೆಟ್ ಆಡುತ್ತಾರೆ. ಆ ದ್ವೀಪಗಳವರೇ ಆದ ಛಾಯಾಗ್ರಾಹಕರು ಈಗ ತಮ್ಮ ಹಳ್ಳಿಗಳ ಚಿತ್ರಗಳನ್ನು ತಾವೇ ತೆಗೆಯುತ್ತಿದ್ದಾರೆ. ಒಂದು ಕಾಲದಲ್ಲಿ ನೋಡಿಸಿಕೊಂಡವರು ಇನ್ನೊಂದು ಕಾಲದಲ್ಲಿ ನೋಡುವವರಾದರು.

ಕನ್ನಡ ನಾಡಿನಲ್ಲಿಯೂ ಇಂತಹ ಬದಲಾವಣೆ ನಡೆಯಿತು. ಮೈಸೂರಿನವರೇ ಆದ ಸಮಾಜಶಾಸ್ತ್ರಜ್ಞ ಎಂ. ಎನ್. ಶ್ರೀನಿವಾಸ್ ೧೯೪೮ರಲ್ಲಿ ಮೈಸೂರಿಗೆ ಸಮೀಪದ ಹಳ್ಳಿಯೊಂದರಲ್ಲಿ ನೆಲೆಸಿ ಅಲ್ಲಿನ ಜೀವನವನ್ನು ಅಭ್ಯಾಸ ಮಾಡಿದರು. ತಮ್ಮ ಬರವಣಿಗೆಯಲ್ಲಿ ಆ ಹಳ್ಳಿಗೆ ಅವರು ‘ರಾಂಪುರ’ ಎಂದು ಹೆಸರಿಟ್ಟರು. ಅವರ ಕೈಯಲ್ಲಿ ಸದಾ ಕ್ಯಾಮರಾ ಇರುತ್ತಿತ್ತು. ಊರಿನವರ ಬಾಯಲ್ಲಿ ‘ಕ್ಯಾಮರಾ’ ಎಂಬ ಪದ ‘ಚಾಮರ’ವಾಯಿತೆಂದೂ ತಮ್ಮನ್ನು ಅವರು ಆ ಹೆಸರಿನಿಂದಲೇ ಗುರುತಿಸುತ್ತಿದ್ದರೆಂದೂ ಅವರು ನೆನೆದಿದ್ದಾರೆ. ದೇವರಿಗೆ ಬೀಸುವ ಚಾಮರದ ಹೆಸರನ್ನು ಪರದೇಶದ ಯಂತ್ರವೊಂದಕ್ಕೆ ಕೊಟ್ಟು ಹಳ್ಳಿ ಅದನ್ನು ತನ್ನದಾಗಿಸಿಕೊಂಡಿತು.

ಅದೇ ವಿದ್ವಾಂಸರ ಜೀವನದ ಇನ್ನೊಂದು ಘಟನೆಯೂ ಇಲ್ಲಿ ನೆನೆಯತಕ್ಕದ್ದು. ೧೯೭೦ರ ಏಪ್ರಿಲ್ ೨೪ರಂದು ಅವರು ಅಮೆರಿಕದ ಸ್ಟಾನ್‌ಫರ್ಡಿನಲ್ಲಿದ್ದಾಗ, ಅವರು ಕೆಲಸ ಮಾಡುತ್ತಿದ್ದ ಕಟ್ಟಡಕ್ಕೆ ದುಷ್ಕರ್ಮಿಗಳು ಬೆಂಕಿಯಿಟ್ಟರು. ಹದಿನೆಂಟು ವರ್ಷಗಳ ಅವಧಿಯಲ್ಲಿ ಸಿದ್ಧಪಡಿಸಿದ ಟಿಪ್ಪಣಿಗಳ ಮೂರು ಪ್ರತಿಗಳೂ ಒಂದೇ ಕಡೆ ಇದ್ದುದರಿಂದ ಮೂರೂ ಸುಟ್ಟುಹೋದವು. ಧೃತಿಗೆಡದ ಶ್ರೀನಿವಾಸ್ ನೆನಪಿನ ಬಲದಿಂದಲೇ ಆ ಹಳ್ಳಿಯ ಚಿತ್ರವನ್ನು ಬರೆದು ೧೯೭೬ರಲ್ಲಿ ಪ್ರಕಟಿಸಿದರು. ಆ ಗ್ರಂಥ ಲೋಕವಿಖ್ಯಾತವಾಯಿತು. ಆದರೆ ಅಂತಹ ನೆನಪು ಎಲ್ಲರಿಗೂ ಇರುವುದಿಲ್ಲ. ಅಂತಹ ಲೇಖಕ ಎಲ್ಲ ಊರಿಗೂ ದೊರೆಯುವುದಿಲ್ಲ.

ಈಗ ಮತ್ತೆ ಬಾಗೂರಿನ ಕಡೆಗೆ ತಿರುಗಬಹುದು. ಇಂತಹ ಊರಿನಲ್ಲಿ ಚಿತ್ರ ತೆಗೆಯಲು ಏನಿದೆ ಎಂದು ಕೇಳಿದರೆ ದೇವಾಲಯವಿದೆ ಎಂದು ಯಾರಾದರೂ ಉತ್ತರಿಸಿಯಾರು. ದೇವಾಲಯ ಇದೆ, ನಿಜ; ಅದರ ಚಿತ್ರಗಳೂ ಇರಬೇಕು. ಅದರ ಸುತ್ತ ಇರುವುದನ್ನು ನೋಡುವ ಕಣ್ಣೂ ಬೇಕು. ಹೊಸದುರ್ಗದ ಸೀಮೆ ರಾಗಿ, ಸಾವೆ, ತೆಂಗುಗಳ ಸೀಮೆ. ಮಳೆ ಕಡಮೆಯಾದ ಬಯಲುನಾಡು. ಇಲ್ಲಿನ ಹಳೆಯ ಮನೆಗಳಿಗೆ ಮಣ್ಣಿನ ಮಾಳಿಗೆಯಿತ್ತು. ಮಾಳಿಗೆಯ ಬೆಳಕಿಂಡಿಯಿಂದ ಇಳಿಯುವ ಒಂದು ಕೋಲಿನಷ್ಟು ಬಿಸಿಲೇ ಒಳಮನೆಯ ದೀಪ. ಬಳಿಕ ಹಂಚಿನ ಮಾಡು ಬಂದಿತು. ಈ ಹಂಚಿಗೂ ಒಂದು ಚರಿತ್ರೆಯಿದೆ. ಬಾಸೆಲ್ ಮಿಷನ್ನಿನವರು ೧೮೬೫ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆಯನ್ನು ತೆರೆದರು. ಕಡಲ ತೀರದ ಆ ಕೆಂಪು ಹಂಚು ಮುಂದೆ ನಾಡೆಲ್ಲ ಹರಡಿತು. ಈಗ ಹಂಚನ್ನು ಇಳಿಸಿ ಕಾಂಕ್ರೀಟಿನ ತಾರಸಿ ಹಾಕುತ್ತಿದ್ದಾರೆ. ಒಂದೇ ಬೀದಿಯಲ್ಲಿ ಈ ಮೂರು ಬಗೆಯ ಮನೆಗಳೂ ಸಾಲಾಗಿ ನಿಂತಿದ್ದರೆ ಆ ಬೀದಿಯ ಒಂದು ಚಿತ್ರವೇ ನೂರೈವತ್ತು ವರ್ಷಗಳ ಚರಿತ್ರೆಯ ಪಾಠ.

ವಸಾಹತು ಕಾಲದ ಪರಂಪರೆಯೆಂದರೆ ಬಂಗಲೆಗಳು, ಇಗರ್ಜಿಗಳು, ಗೋರಿಗಳು ಎಂದು ಸಾಮಾನ್ಯವಾಗಿ ತಿಳಿಯುತ್ತಾರೆ. ಹಳ್ಳಿಯಲ್ಲಿ ಅದು ಇನ್ನೂ ಆಳಕ್ಕೆ ಇಳಿದಿದೆ. ೧೮೩೧ರಿಂದ ೧೮೮೧ರವರೆಗೆ ಮೈಸೂರನ್ನು ಬ್ರಿಟಿಷ್ ಕಮಿಷನರುಗಳು ಆಳಿದರು. ೧೮೬೩ರಲ್ಲಿ ಆರಂಭವಾದ ಕಂದಾಯದ ಮೋಜಣಿಯಲ್ಲಿ ಹೊಲಹೊಲವನ್ನೂ ಸರಪಣಿಯಿಂದ ಅಳೆದು, ಪ್ರತಿಯೊಂದಕ್ಕೂ ಸರ್ವೆ ನಂಬರು ಕೊಟ್ಟು, ಮೂಲೆಗಳಲ್ಲಿ ಬಾಂದುಕಲ್ಲುಗಳನ್ನು ನೆಟ್ಟರು. ಹುಲ್ಲಿನ ನಡುವೆ ಅರ್ಧ ಹೂತುಹೋದ ಬಾಂದುಕಲ್ಲನ್ನು ಯಾರೂ ಸ್ಮಾರಕವೆಂದು ತಿಳಿಯುವುದಿಲ್ಲ. ಆದರೆ ರೈತನ ಬಾಳನ್ನು ಅದರಷ್ಟು ಬದಲಾಯಿಸಿದ ವಸ್ತು ಬೇರೊಂದಿಲ್ಲ. ಅದು ಅವನ ಹೊಲಕ್ಕೆ ದಾಖಲೆಯನ್ನು ಕೊಟ್ಟಿತು. ಮಳೆ ಬರಲಿ, ಬಾರದಿರಲಿ, ಹಣದ ರೂಪದಲ್ಲಿ ಕಟ್ಟಬೇಕಾದ ಕಂದಾಯವನ್ನೂ ನಿಶ್ಚಯಿಸಿತು. ಈ ಎರಡೂ ಮುಖಗಳನ್ನು ಒಂದು ಕಲ್ಲು ಹೊತ್ತು ನಿಂತಿದೆ. ಹಾಗೆಯೇ ಕೆಂಪು ಅಂಚೆಪೆಟ್ಟಿಗೆ, ೧೯ನೆಯ ಶತಮಾನದ ಕೊನೆಯಲ್ಲಿ ಈ ಸೀಮೆಯನ್ನು ಹಾದುಹೋದ ರೈಲುಹಾದಿ, ಆ ಹಾದಿಯ ಮೇಲಿರುವ ಹೊಸದುರ್ಗ ರೋಡ್ ನಿಲ್ದಾಣ ಇವೆಲ್ಲ ಆ ಕಾಲದ ಗುರುತುಗಳು. ವಂಶಪಾರಂಪರ್ಯವಾಗಿ ಬಂದ ಪಟೇಲಿಕೆ ಶಾನುಭೋಗಿಕೆಗಳನ್ನು ಬ್ರಿಟಿಷರ ಆಡಳಿತ ಕಂದಾಯ ವಸೂಲಿಗಾಗಿ ಹಾಗೆಯೇ ಉಳಿಸಿಕೊಂಡಿತು. ೧೯೬೧ರ ಶಾಸನದಿಂದ ಅವು ರದ್ದಾದವು. ಹಳೆಯ ಲೆಕ್ಕದ ಕಡತಗಳು ಮಾತ್ರ ಎಲ್ಲಿಯಾದರೂ ಗೆದ್ದಲಿಗೆ ಆಹಾರವಾಗುತ್ತಿರಬಹುದು. ಅವುಗಳ ಪುಟಗಳಿಗೂ ಛಾಯಾಚಿತ್ರವೇ ರಕ್ಷೆ.

ನೆರೆಯ ಹಿರಿಯೂರು ತಾಲ್ಲೂಕಿನಲ್ಲಿ ವೇದಾವತಿ ನದಿಗೆ ಅಡ್ಡಲಾಗಿ ೧೮೯೮ರಿಂದ ೧೯೦೭ರವರೆಗೆ ಕಟ್ಟಿದ ವಾಣೀವಿಲಾಸ ಸಾಗರವಿದೆ. ಮಾರಿಕಣಿವೆ ಎಂದು ಜನ ಅದನ್ನು ಕರೆಯುತ್ತಾರೆ. ಮೈಸೂರು ಸಂಸ್ಥಾನ ಕಟ್ಟಿಸಿದ ಈ ಜಲಾಶಯ ೧೯೩೩ರಲ್ಲಿ ಕೋಡಿ ಬಿದ್ದಿತು. ಮತ್ತೆ ಕೋಡಿ ಹರಿದದ್ದು ೨೦೨೨ರಲ್ಲಿ, ಎಂಬತ್ತೊಂಬತ್ತು ವರ್ಷಗಳ ಬಳಿಕ. ಅಂದು ಸಾವಿರಾರು ಜನ ಅಲ್ಲಿಗೆ ಹೋಗಿ ತಮ್ಮ ಮೊಬೈಲ್ ಫೋನುಗಳಲ್ಲಿ ಆ ನೋಟವನ್ನು ಸೆರೆಹಿಡಿದರು. ೧೯೩೩ರ ಕೋಡಿಯನ್ನು ಕಂಡವರಲ್ಲಿ ಹೆಚ್ಚಿನವರಿಗೆ ನೆನಪೊಂದೇ ಚಿತ್ರವಾಗಿತ್ತು. ಅದೇ ಹಿನ್ನೀರು ಏರಿದಾಗ ಹೊಸದುರ್ಗದ ಕಡೆಯ ಕೆಲವರ ತೋಟಗಳೂ ಹೊಲಗಳೂ ಮುಳುಗಿದವು. ಕೋಡಿಯ ಸಂಭ್ರಮವನ್ನು ಚಿತ್ರಿಸಿದವರು ಬಹಳ. ಮುಳುಗಿದ ತೋಟದ ಅಂಚಿನಲ್ಲಿ ನಿಂತವನನ್ನು ಚಿತ್ರಿಸಿದವರು ಕಡಮೆ. ಚಿತ್ರದ ಚೌಕಟ್ಟು ಒಂದನ್ನು ಒಳಗೆ ತೆಗೆದುಕೊಳ್ಳುವಾಗ ಇನ್ನೊಂದನ್ನು ಹೊರಗೆ ಬಿಡುತ್ತದೆ. ಹೊರಗೆ ಉಳಿದುದು ಯಾವುದೆಂದು ಕೇಳಿಕೊಳ್ಳುವುದು ಛಾಯಾಗ್ರಾಹಕನ ಮೊದಲ ಕರ್ತವ್ಯ.

ಈ ಮಾತು ಊರಿನ ಒಳಗೂ ಅನ್ವಯಿಸುತ್ತದೆ. ಹಳೆಯ ಕಾಲದ ಊರುಗಳ ಚಿತ್ರಗಳಲ್ಲಿ ಗುಡಿ, ಚಾವಡಿ, ದೊಡ್ಡಮನೆಗಳು ಮೇಲಿಂದ ಮೇಲೆ ಕಾಣಿಸುತ್ತವೆ. ಊರ ಹೊರಗಿನ ಕೇರಿ ಕಾಣಿಸುವುದಿಲ್ಲ. ಮದುವೆಯ ಚಿತ್ರದಲ್ಲಿ ಮದುಮಕ್ಕಳಿದ್ದಾರೆ. ಒಲೆಯ ಮುಂದೆ ಬೆವರಿದ ಹೆಂಗಸರಿಲ್ಲ. ಗುಡಿಯ ಬಾಗಿಲನ್ನು ಚಿತ್ರಿಸುವವನು ಒಂದು ಕಾಲದಲ್ಲಿ ಆ ಬಾಗಿಲಿನ ಹೊರಗೆ ಯಾರನ್ನು ನಿಲ್ಲಿಸಲಾಗಿತ್ತು ಎಂಬುದನ್ನೂ ಅರಿತಿರಬೇಕು. ಪರದೇಶದ ಅಧಿಕಾರಿ ಹಳ್ಳಿಗರನ್ನು ಹೆಸರಿಲ್ಲದೆ ಚಿತ್ರಿಸಿದನೆಂದು ದೂರುವವರು ತಮ್ಮ ಊರಿನಲ್ಲಿ ತಾವೇ ಯಾರನ್ನೂ ಹೆಸರಿಲ್ಲದವರನ್ನಾಗಿ ಮಾಡದಿರುವುದು ನ್ಯಾಯ.

ಚಿತ್ರಿಸಬೇಕಾದ ವಸ್ತುಗಳು ಅನೇಕ. ಅವುಗಳಲ್ಲಿ ಹಲವು ಅವಸರವಾಗಿ ಹೋಗುತ್ತಿವೆ. ಎತ್ತುಗಳನ್ನು ಇಳಿಜಾರಿನಲ್ಲಿ ನಡೆಸಿ ಬಾವಿಯಿಂದ ನೀರೆತ್ತುತ್ತಿದ್ದ ಕಪಿಲೆ ವಿದ್ಯುತ್ ಪಂಪುಗಳು ಬಂದ ಮೇಲೆ ನಿಂತುಹೋಯಿತು. ನೆಲದೊಳಗೆ ರಾಗಿಯನ್ನು ವರ್ಷಗಟ್ಟಲೆ ಕೆಡದಂತೆ ಕಾಯುತ್ತಿದ್ದ ಹಗೇವುಗಳು ಮುಚ್ಚಿಹೋದವು. ಕಣದಲ್ಲಿ ಸುತ್ತುತ್ತಿದ್ದ ರೋಣಗಲ್ಲು ಈಗ ಬೇಲಿಯ ಬದಿಯಲ್ಲಿ ಬಿದ್ದಿದೆ. ಕಂಬಳಿಯ ಮಗ್ಗ, ಕುಂಬಾರನ ತಿಗರಿ, ಕಮ್ಮಾರನ ಕುಲುಮೆ ಇವು ಅಲ್ಲಲ್ಲಿ ಉಸಿರು ಹಿಡಿದುಕೊಂಡಿವೆ. ಇವುಗಳನ್ನು ಬರಿಯ ವಸ್ತುಗಳಾಗಿ ಚಿತ್ರಿಸಿದರೆ ಸಾಲದು. ತಿಗರಿಯ ಮೇಲೆ ಬೆರಳು ಹೇಗೆ ಮಡಿಯುತ್ತದೆ, ಕಬ್ಬಿಣ ಯಾವ ಬಣ್ಣಕ್ಕೆ ಬಂದಾಗ ಸುತ್ತಿಗೆ ಏಳುತ್ತದೆ ಎಂಬ ಕ್ರಮವನ್ನು ಒಂದರ ಬಳಿಕ ಒಂದು ಚಿತ್ರದಲ್ಲಿ ಹಿಡಿದಾಗ ಕಸುಬಿನ ಅರಿವೂ ಉಳಿಯುತ್ತದೆ.

ಇದಕ್ಕೆ ಬೆಲೆಬಾಳುವ ಉಪಕರಣ ಬೇಕಿಲ್ಲ. ಕೆಲವು ನಿಯಮಗಳು ಬೇಕು. ಮೊದಲನೆಯದು ಅನುಮತಿ. ಯಾರ ಚಿತ್ರವನ್ನಾದರೂ ತೆಗೆಯುವ ಮೊದಲು ಅವರನ್ನು ಕೇಳಬೇಕು. ಬೇಡವೆಂದರೆ ಮರುಮಾತಿಲ್ಲದೆ ಕ್ಯಾಮರಾವನ್ನು ಕೆಳಗಿಳಿಸಬೇಕು. ಕೆಲವರು ಸ್ವಲ್ಪ ತಾಳೆಂದು ಹೇಳಿ, ಒಳಗೆ ಹೋಗಿ, ಮುಖ ತೊಳೆದು, ಮಡಿಸಿಟ್ಟ ಬಟ್ಟೆಯನ್ನು ಉಟ್ಟುಬರುತ್ತಾರೆ. ಇದನ್ನು ಕೃತಕವೆಂದು ನಗಬಾರದು. ತಾನು ಹೇಗೆ ನೆನಪಿನಲ್ಲಿ ಉಳಿಯಬೇಕೆಂದು ನಿರ್ಧರಿಸುವ ಹಕ್ಕು ಚಿತ್ರದಲ್ಲಿರುವವನಿಗೆ ಸೇರಿದ್ದು. ಅವನು ಬಯಸಿದಂತೆ ಒಂದು ಚಿತ್ರವನ್ನು ತೆಗೆದು ಕೊಟ್ಟು, ಬಳಿಕ ಅವನ ಒಪ್ಪಿಗೆಯಿಂದ ಕೆಲಸದಲ್ಲಿರುವಾಗಿನ ಚಿತ್ರವನ್ನು ತೆಗೆಯಬಹುದು.

ಎರಡನೆಯದು ಹೆಸರು. ವ್ಯಕ್ತಿಯ ಹೆಸರು, ಊರು, ದಿನಾಂಕ, ಮಾಡುತ್ತಿರುವ ಕೆಲಸ ಇವುಗಳನ್ನು ಅಂದೇ ಬರೆದಿಡಬೇಕು. ವಸ್ತುವಿನ ಹೆಸರನ್ನು ಆ ಊರಿನವರು ಹೇಳುವ ಮಾತಿನಲ್ಲಿಯೇ ಬರೆಯಬೇಕು. ಮೂರನೆಯದು ಸ್ಥಳ. ಎಲ್ಲಿ ನಿಂತು, ಯಾವ ದಿಕ್ಕಿಗೆ ತಿರುಗಿ ಚಿತ್ರ ತೆಗೆಯಲಾಯಿತೆಂದು ಗುರುತು ಮಾಡಿದರೆ ಹತ್ತು ವರ್ಷಗಳ ಬಳಿಕ ಇನ್ನೊಬ್ಬರು ಅಲ್ಲಿಯೇ ನಿಂತು ಮತ್ತೊಂದು ಚಿತ್ರವನ್ನು ತೆಗೆಯಬಹುದು. ನಾಲ್ಕನೆಯದು ಅಳತೆ. ಶಾಸನದ ಕಲ್ಲಿನ ಪಕ್ಕದಲ್ಲಿ ಒಂದು ಅಳತೆಯ ಪಟ್ಟಿಯನ್ನಿಟ್ಟರೆ ಅದರ ಗಾತ್ರ ತಿಳಿಯುತ್ತದೆ. ಬೆಳಗ್ಗೆ ಅಥವಾ ಸಂಜೆಯ ಓರೆಬಿಸಿಲಿನಲ್ಲಿ ಸವೆದ ಅಕ್ಷರಗಳ ಅಂಚುಗಳಿಗೆ ನೆರಳು ಬಿದ್ದು ಅವು ಎದ್ದು ಕಾಣುತ್ತವೆ. ನಡುಹಗಲಿನ ಬಿಸಿಲಿನಲ್ಲಿ ಅಳಿಸಿಹೋದಂತೆ ತೋರುತ್ತವೆ. ಅಕ್ಷರ ಕಾಣಲೆಂದು ಕಲ್ಲಿಗೆ ಬಣ್ಣ ಬಳಿಯುವುದೂ ಸೀಮೆಸುಣ್ಣ ತುಂಬುವುದೂ ಕಲ್ಲಿಗೆ ಮಾಡುವ ಅಪಕಾರ.

ಐದನೆಯದು ರಕ್ಷಣೆ. ಶ್ರೀನಿವಾಸರ ಮೂರು ಪ್ರತಿಗಳು ಒಂದೇ ಕಡೆ ಇದ್ದುವೆಂಬುದನ್ನು ಇಲ್ಲಿ ನೆನೆಯಬೇಕು. ಬಾಸೆಲ್ ಮಿಷನ್ನಿನವರು ಕರಾವಳಿಯಲ್ಲೂ ಧಾರವಾಡದ ಕಡೆಯಲ್ಲೂ ತೆಗೆದ ಹಳೆಯ ಚಿತ್ರಗಳು ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ಭಂಡಾರದಲ್ಲಿ ಕ್ರಮವಾಗಿ ಪಟ್ಟಿಯಾಗಿ ಉಳಿದಿವೆ. ಕನ್ನಡ ನಾಡಿನ ಅಜ್ಜ ಅಜ್ಜಿಯರ ಮುಖಗಳು ಅಷ್ಟು ದೂರದಲ್ಲಿ ಸುರಕ್ಷಿತವಾಗಿರುವಾಗ, ಸ್ವಂತ ಊರಿನ ಮನೆಗಳ ಗೋಡೆಗೆ ತೂಗುಹಾಕಿದ ಚಿತ್ರಗಳು ತೇವಕ್ಕೂ ಹುಳುವಿಗೂ ಸಿಕ್ಕಿ ಮಾಸುತ್ತಿವೆ. ಇಂದಿನ ಮೊಬೈಲ್ ಫೋನಿನ ಚಿತ್ರಗಳಿಗೆ ತೇವದ ಭಯವಿಲ್ಲ. ಆದರೆ ಫೋನು ಕೆಟ್ಟರೆ ಸಾವಿರ ಚಿತ್ರಗಳೂ ಒಂದೇ ಗಳಿಗೆಯಲ್ಲಿ ಹೋಗುತ್ತವೆ. ಒಂದು ಪ್ರತಿ ಶಾಲೆಯಲ್ಲಿ, ಒಂದು ಊರಿನ ಗ್ರಂಥಾಲಯದಲ್ಲಿ, ಒಂದು ಮನೆಯಲ್ಲಿ ಇರುವುದು ಲೇಸು.

ಛಾಯಾಚಿತ್ರ ಹೇಳಲಾರದ ಸಂಗತಿಗಳೂ ಉಂಟು. ಮೊದಲ ಮಳೆಗೆ ಏಳುವ ಮಣ್ಣಿನ ವಾಸನೆ ಅದರಲ್ಲಿಲ್ಲ. ರಾಗಿಕಲ್ಲಿನ ಪದಗಳ ದನಿ ಅದರಲ್ಲಿಲ್ಲ. ಸಾಲಗಾರನ ಮನಸ್ಸಿನ ಭಾರ ಅದರಲ್ಲಿಲ್ಲ. ಆದ್ದರಿಂದ ಚಿತ್ರದ ಜೊತೆಗೆ ಹಿರಿಯರ ಮಾತನ್ನೂ ಕೇಳಿ ಬರೆದಿಡಬೇಕು. ಹಳೆಯ ಚಿತ್ರವೊಂದನ್ನು ಅಜ್ಜಿಯ ಕೈಗೆ ಕೊಟ್ಟು ಇವರು ಯಾರು ಎಂದು ಕೇಳಿದರೆ ಸಾಕು. ಒಂದು ಮುಖದಿಂದ ಹತ್ತು ಕಥೆಗಳು ಹೊರಡುತ್ತವೆ. ಆ ಅಜ್ಜಿ ಇರುವಾಗಲೇ ಕೇಳಬೇಕು.

೧೬೭೫ರ ಬಾಗೂರನ್ನು ಇನ್ನು ಯಾರೂ ನೋಡಲಾರರು. ಆ ಊರು ಕೋಟೆಗಳ ಕಥೆಯಲ್ಲಿ ಒಂದು ಹೆಸರಾಗಿ ಮಾತ್ರ ಉಳಿದಿದೆ. ಆದರೆ ಇಂದಿನ ಬಾಗೂರು ಹಾಗಾಗಬೇಕಿಲ್ಲ. ಅಲ್ಲಿನ ಕಣದಲ್ಲಿ ತೂರುವ ರಾಗಿ, ಮಾಳಿಗೆಯ ಬೆಳಕಿಂಡಿ, ಹೊಲದ ಮೂಲೆಯ ಬಾಂದುಕಲ್ಲು, ಕೇರಿಯ ಜಗಲಿಯ ಮೇಲೆ ಕುಳಿತ ಮುದುಕಿ ಇವರೆಲ್ಲರೂ ಇವೆಲ್ಲವೂ ಮುಂದಿನವರ ಕಣ್ಣಿಗೆ ಬೀಳಬಹುದು. ಹಾಗೆ ಬಿದ್ದಾಗ ಚಿತ್ರದ ಹಿಂಬದಿಯನ್ನು ತಿರುಗಿಸಿ ನೋಡುವವರಿಗೆ ಅಲ್ಲಿ ಒಂದು ಹೆಸರು ಕಾಣಿಸಬೇಕು.